ಮೈದಾ ಅಂಟಿನ ಆಫ್ರಿಕಾ

ಆಫ್ರಿಕಾ ಖಂಡದ ಅರ್ಧಕ್ಕರ್ಧ ದೇಶಗಳಿಗೆ ಸ್ವಾತಂತ್ರ್ಯ ಕೊಟ್ಟವಳು ನಮ್ಮ ಸೋದರತ್ತೆ ಎಂದರೆ ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಆದರೆ ನಾನು ಕಣ್ಣಾರೆ ಕಂಡವಳು. ಜಯನಗರದ ನಮ್ಮ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಮೈದಾ ಅಂಟಿನ ಬಟ್ಟಲು ಹಿಡಿದು, ರೇಡಿಯೋದಲ್ಲಿ ವಾರ್ತೆ ಮುಗಿಯುವುದರೊಳಗೆ ಅತ್ತೆ ಒಂದು ದೇಶವನ್ನು ಬಿಡುಗಡೆ ಮಾಡಿಬಿಡುತ್ತಿದ್ದಳು. ಕೆಲವು ಸಲವಂತೂ ಈ ದೇಶದ ಅಂಟು ಒಣಗುವ ಮೊದಲೇ ಇನ್ನೊಂದು ದೇಶ ಬಂದು ಸಾಲಿನಲ್ಲಿ ನಿಲ್ಲುತ್ತಿತ್ತು!

ವಿಷಯ ಇಷ್ಟೇ. ಅತ್ತೆ ಬಸವನಗುಡಿ ಕಡೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳದ ಟೀಚರು. ಅಲ್ಲಿ ಗೋಡೆಗೆ ನೇತುಹಾಕಿದ್ದ ನಕ್ಷೆ ಬ್ರಿಟಿಷರ ಕಾಲದ್ದು. ಅದರ ಪ್ರಕಾರ ಆಫ್ರಿಕಾ ಎಂದರೆ ನಾಲ್ಕೈದು ದೊರೆಗಳು ಹರಿದು ಹಂಚಿಕೊಂಡ ಹೋಳಿಗೆ. ಒಬ್ಬರ ಪಾಲು ಗುಲಾಬಿ, ಇನ್ನೊಬ್ಬರದು ಹಸಿರು, ಮತ್ತೊಬ್ಬರದು ಹಳದಿ. ಅರವತ್ತರ ಆಸುಪಾಸಿನಲ್ಲಿ ಪೇಪರು ಬಿಡಿಸಿದರೆ ಸಾಕು, ಅಲ್ಲೊಂದು ದೇಶ ಸ್ವತಂತ್ರ, ಇಲ್ಲೊಂದು ದೇಶ ಸ್ವತಂತ್ರ. ಹೊಸ ನಕ್ಷೆ ತರಿಸಿ ಎಂದು ಅತ್ತೆ ಹೆಡ್‌ಮಿಸ್ಸನ್ನು ಕೇಳಿದಳು. "ಎಲ್ಲಾ ದೇಶಗಳದ್ದೂ ಮುಗೀಲಿ, ಒಟ್ಟಿಗೇ ತರಿಸೋಣ" ಎಂದರಂತೆ ಆಕೆ. ಕಾಯುವುದು ಅತ್ತೆಯ ಜಾಯಮಾನವಲ್ಲ. ನಕ್ಷೆಯನ್ನೇ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ತಂದಳು. ಯಾವ ದೇಶ ಬಿಡುಗಡೆಯಾಯಿತೋ ಅದರ ಮೇಲೆ ಅದರದೇ ಆಕಾರದ ಬಣ್ಣದ ಕಾಗದ ಅಂಟಿಸತೊಡಗಿದಳು.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಒಂದು ದಿನ ಅಂಟಿಸಿದ ಕಾಗದವನ್ನು ನೋಡುತ್ತಾ ಕೂತವಳು ನನ್ನನ್ನು ಕರೆದು, "ಬರೀ ಬಣ್ಣ ಹಚ್ಚಿದ್ರೆ ದೇಶ ಆಗತ್ತೇನೇ ಪುಟ್ಟಿ? ಅಲ್ಲಿ ಜನ ಇಲ್ವಾ? ಅವರಿಗೊಂದು ಕಥೆ ಇಲ್ವಾ?" ಎಂದಳು. ಆವತ್ತಿನಿಂದ ನಮ್ಮ ಮನೆಗೆ ಆಫ್ರಿಕಾದ ಜನ, ಕಥೆ, ಕೋಟೆ, ಕೊತ್ತಲ ಎಲ್ಲವೂ ಬಂದು ಸೇರಿದವು. ಈಗಿನವರು ಇದನ್ನು ಕೊಲಾಜ್ ಕಲೆ ಎನ್ನುತ್ತಾರೆ. ನಮ್ಮಮ್ಮ ಆಗ ಅದಕ್ಕೆ ಇಟ್ಟಿದ್ದ ಹೆಸರು ಗಲೀಜು.

ಮೊದಲ ಪೆಟ್ಟು ಬಿದ್ದದ್ದು ಅಪ್ಪನ ಪೇಪರಿಗೆ. ಬೆಳಗ್ಗೆ ಅಪ್ಪ ಪೇಪರು ಬಿಡಿಸಿದರೆ ನಡುವೆ ಒಂದು ಕಿಟಕಿ. ಆ ಕಿಟಕಿಯಲ್ಲಿ ಕಾಫಿ ಹಿಡಿದು ನಿಂತ ಅಮ್ಮನ ಮುಖ. "ಇದೇನೇ ಇದು, ಪ್ರಧಾನಿಗಳ ಭಾಷಣದ ಜಾಗದಲ್ಲಿ ನೀನು ಕಾಣ್ತಿದೀಯ" ಎಂದು ಅಪ್ಪ ಕೇಳಿದರೆ, "ಭಾಷಣದ ಹಿಂದುಗಡೆ ಘಾನಾ ಇತ್ತು ಕಣೋ" ಎಂದು ಒಳಗಿನಿಂದ ಅತ್ತೆಯ ಉತ್ತರ. ಅಪ್ಪ ಅತ್ತೆಯ ತಮ್ಮ, ಅವಳೆತ್ತಿ ಆಡಿಸಿದ ಕೂಸು. ಏನು ತಾನೇ ಹೇಳಿಯಾನು?

ಎರಡನೇ ಪೆಟ್ಟು ಸಾಕ್ಷಾತ್ ಮಹಾಲಕ್ಷ್ಮಿಗೆ. ದಿನಸಿ ಅಂಗಡಿಯವರು ಕೊಟ್ಟಿದ್ದ ಕ್ಯಾಲೆಂಡರಿನ ಲಕ್ಷ್ಮಿ, ಮೈತುಂಬ ಒಡವೆ. ಒಂದು ಬೆಳಗ್ಗೆ ಅಮ್ಮ ಹೂವಿಡಲು ಹೋದರೆ ದೇವಿಯ ಕೊರಳು ಬರಿದೋ ಬರಿದು. ಕಾಸಿನ ಸರ, ಅಡ್ಡಿಕೆ, ವಂಕಿ, ಡಾಬು ಎಲ್ಲವೂ ಮಾಯ. ಅವನ್ನೆಲ್ಲ ಅತ್ತೆ ನೀಟಾಗಿ ಕತ್ತರಿಸಿ ಯಾವುದೋ ಆಫ್ರಿಕಾದ ರಾಣಿಗೆ ತೊಡಿಸಿದ್ದಳು.

"ಅತ್ತಿಗೆ, ದೇವರ ಒಡವೆ ಕದಿಯೋದಾ?" ಎಂದು ಅಮ್ಮನಿಗೆ ಅಳುವೇ ಬಂತು.

"ಕದ್ದಿಲ್ಲಮ್ಮ, ಕೇಳಿ ತಗೊಂಡಿದೀನಿ. ಮದುವೆಮನೆಗೆ ಹೋಗೋವಾಗ ನೀನು ಪಕ್ಕದ್ಮನೆಯವರ ನೆಕ್ಲೇಸ್ ಹಾಕ್ಕೊಂಡು ಹೋಗಲ್ವಾ? ಹಾಗೇ ಅನ್ಕೋ."

ವರ್ಷ ಮುಗಿಯುವ ತನಕ ಲಕ್ಷ್ಮಿ ನಮ್ಮ ಮನೆಯಲ್ಲಿ ಬೋಳು ಕೊರಳಲ್ಲೇ ನಿಂತು ನಗುತ್ತಿದ್ದಳು. ಅವಳಿಗೇನೂ ಬೇಸರವಾದ ಹಾಗೆ ಕಾಣಲಿಲ್ಲ.

ಅತ್ತೆಯ ಚಿತ್ರದಲ್ಲಿ ಸುಮ್ಮನೆ ಅಂಟಿಸಿದ್ದು ಎಂಬುದು ಒಂದು ಚೂರೂ ಇರಲಿಲ್ಲ. ಪ್ರತಿಯೊಂದಕ್ಕೂ ಅರ್ಥ. ಒಡೆದ ಕಪ್ಪು ಗಾಜಿನ ಬಳೆಗಳನ್ನು ಒಂದಕ್ಕೊಂದು ಸಿಕ್ಕಿಸಿದ ಹಾಗೆ ಅಂಟಿಸಿದ್ದು ಗುಲಾಮರ ಸರಪಳಿ. ಕೊನೆಯ ಬಳೆ ಬೇಕೆಂದೇ ಬಾಯಿ ತೆರೆದಿತ್ತು. ಜರಿ ಅಂಚಿನ ತುಂಡುಗಳು ಚಿನ್ನ ಮಾರಿ ಮೆರೆದ ಹಳೆಯ ರಾಜ್ಯಗಳು. ಹುಣಸೆಬೀಜ ಜೋಡಿಸಿದ್ದು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ ಕೋಟೆ. ಹಿಂದಕ್ಕೆ ಕತ್ತು ತಿರುಗಿಸಿ ಬೆನ್ನ ಮೇಲಿನ ಮೊಟ್ಟೆಯನ್ನು ಕಚ್ಚಿಕೊಳ್ಳುವ ಒಂದು ಹಕ್ಕಿಯ ಚಿಹ್ನೆ ಅವರಲ್ಲಿ ಇದೆಯಂತೆ. ಕಳೆದದ್ದನ್ನು ಹುಡುಕಿ ತಂದುಕೊಂಡೇ ಮುಂದೆ ಹೋಗಬೇಕು ಎಂದು ಅದರ ತಾತ್ಪರ್ಯ. ಅಂಥ ಹಕ್ಕಿ ಜಯನಗರದಲ್ಲಿ ಎಲ್ಲಿ ಸಿಗಬೇಕು? ಅತ್ತೆ ಯಾವುದೋ ಸರ್ಕಾರಿ ಲಕೋಟೆಯ ಮೇಲಿದ್ದ ಗಂಡಭೇರುಂಡದ ಒಂದು ತಲೆ ಕತ್ತರಿಸಿ, ಉಳಿದ ತಲೆಯನ್ನು ಹಿಂದಕ್ಕೆ ತಿರುಗಿಸಿಬಿಟ್ಟಳು. ಅಪ್ಪ ಸರ್ಕಾರಿ ನೌಕರ. ಆವತ್ತು ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿಸಿದ.

ಹರಿದ ಛತ್ರಿಯ ಬಟ್ಟೆಯಲ್ಲಿ ಒಂದು ಹಡಗು ಮಾಡಿದ್ದಳು. ಅದರ ಹೊಟ್ಟೆಯೊಳಗೆ ರಾಗಿ ಕಾಳುಗಳನ್ನು ಒಂದಕ್ಕೊಂದು ಒತ್ತಿ ಅಂಟಿಸುವಾಗ ಮಾತ್ರ ಅತ್ತೆ ಯಾವ ತಮಾಷೆಯನ್ನೂ ಮಾಡುತ್ತಿರಲಿಲ್ಲ. "ಜನರನ್ನ ಹೀಗೆ ತುಂಬ್ಕೊಂಡು ಹೋದ್ರು ಕಣೇ. ಮಗ್ಗುಲು ಬದಲಾಯಿಸೋಕೂ ಜಾಗ ಇರ್ಲಿಲ್ಲ. ಆದ್ರೂ ನೋಡು, ಹೋದ ಕಡೆ ಮೊಳೆತ್ರು" ಎಂದು ಆಚೆ ದಡದಲ್ಲಿ ಹಸಿರು ರೇಷ್ಮೆ ನೂಲಿನ ಪೈರು ನೆಟ್ಟಳು.

ಸಾರಕ್ಕಿಯಿಂದ ಸೊಪ್ಪು ತರುತ್ತಿದ್ದಾಕೆ ಆ ರಾಗಿಯನ್ನು ನೋಡಿ ಬುಟ್ಟಿ ಇಳಿಸಿ ನಿಂತಳು. "ಇವ್ರೂ ರಾಗಿ ಬೆಳೆಯೋರಾ ಅವ್ವ?" ಎಂದಳು. ಅಲ್ಲಿಂದಲೇ ರಾಗಿ ನಮಗೆ ಬಂದದ್ದಂತೆ ಎಂದಳು ಅತ್ತೆ. "ಹಂಗಾದ್ರೆ ನಮ್ ಪೈಕಿನೇ ಬುಡಿ" ಎಂದು ಆಕೆ ಅವರ ಲೆಕ್ಕಕ್ಕೆ ಎರಡು ಹಿಡಿ ದಂಟಿನ ಸೊಪ್ಪು ಜಾಸ್ತಿ ಹಾಕಿ ಹೋದಳು. ಸಾರು ಮಾಡಿ ತಿಂದದ್ದು ನಾವು.

ಅಜ್ಜಿಯನ್ನು ಒಪ್ಪಿಸುವುದು ಇಷ್ಟು ಸುಲಭವಿರಲಿಲ್ಲ. ಅಜ್ಜಿ ಎಂದರೆ ಅತ್ತೆಯ ತಾಯಿ, ಮಡಿ ಹೆಂಗಸು. ಆಫ್ರಿಕಾ ಅಡುಗೆಮನೆಯ ಹೊಸ್ತಿಲು ದಾಟಕೂಡದು ಎಂದು ಅಪ್ಪಣೆ ಮಾಡಿದ್ದಳು.

"ಅಮ್ಮ, ನಿನ್ನ ಕೈಯಲ್ಲಿರೋ ಕಾಫಿ ಅಬಿಸೀನಿಯಾದ್ದು. ಸಾರಿಗೆ ಹಾಕೋ ಹುಣಸೆಹಣ್ಣು ಆಫ್ರಿಕಾದ್ದು. ದಿನಾ ಕುಡಿಯೋ ರಾಗಿ ಗಂಜೀನೂ ಅವರದ್ದೇ. ಹೊಸ್ತಿಲು ದಾಟಿ ಎಷ್ಟು ಕಾಲ ಆಯ್ತೋ," ಎಂದಳು ಅತ್ತೆ.

ಅಜ್ಜಿ ಲೋಟವನ್ನು ಒಂದು ಗಳಿಗೆ ದಿಟ್ಟಿಸಿದಳು. "ಹಡಗಲ್ಲಿ ತಾನೇ ಬಂದಿರೋದು? ಅಷ್ಟು ನೀರಿನ ಮೇಲೆ ಬಂದ್ಮೇಲೆ ಮಡಿ ಆಗಿರತ್ತೆ ಬಿಡು" ಎಂದು ಕುಡಿದು ಮುಗಿಸಿದಳು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ತನ್ನ ಸ್ವಂತ ತಮ್ಮನನ್ನು ವಿಲಾಯತಿಗೆ ಹೋಗಗೊಡದವಳು ಇದೇ ಅಜ್ಜಿ. ಕಾಫಿಯ ಮಾತು ಬಂದರೆ ಶಾಸ್ತ್ರವೂ ಸ್ವಲ್ಪ ಬಗ್ಗಿ ನಡೆಯುತ್ತದೆ.

ಬಸ್ಸಿನ ಕಥೆಯನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಕಪ್ಪು ಹೆಣ್ಣುಮಗಳೊಬ್ಬಳು ಬಿಳಿಯರಿಗೆ ಸೀಟು ಬಿಟ್ಟು ಏಳುವುದಿಲ್ಲ ಎಂದು ಬಸ್ಸಿನಲ್ಲಿ ಕೂತೇ ಇದ್ದಳಂತೆ. ಅತ್ತೆ ಅದನ್ನು ಚಿತ್ರಕ್ಕೆ ಸೇರಿಸಿದಳು. ಬಸ್ಸು ಬಿಸ್ಕತ್ತಿನ ಕಾಗದದ್ದು, ಅವಳು ಕೂತ ಸೀಟು ಮಾತ್ರ ಅಪ್ಪಟ ಜರಿಯದು, ಸಿಂಹಾಸನದ ಹಾಗೆ. ಆ ಗುಂಗಿನಲ್ಲೇ ಒಂದು ಸಂಜೆ ಮಾರ್ಕೆಟ್ಟಿನಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಕಂಡಕ್ಟರು ಬಂದು, "ಏಳೀಮ್ಮಾ" ಎಂದ. ಅತ್ತೆ ಬೆನ್ನು ನೆಟ್ಟಗೆ ಮಾಡಿದಳು. "ಏಳಲ್ಲ. ಯಾಕೆ ಏಳಬೇಕು? ಆ ಹೆಣ್ಣುಮಗಳು ಎದ್ಲಾ?" ಎಂದು ಇಡೀ ಕಥೆಯನ್ನು ಅವನಿಗೆ ಹೇಳಿದಳು. ಅವನು ಚೀಲಕ್ಕೆ ಕೈಯಿಟ್ಟುಕೊಂಡು ಎಲ್ಲವನ್ನೂ ಕೇಳಿದ. "ಭಾಳ ಧೈರ್ಯದ ಹೆಣ್ಮಗಳಮ್ಮ. ಆದ್ರೆ ಇದು ಲಾಸ್ಟ್ ಸ್ಟಾಪು. ಏಳದಿದ್ರೆ ಡಿಪೋಗೆ ಕರ್ಕೊಂಡು ಹೋಗ್ತೀವಿ" ಎಂದ. ಸುತ್ತ ನೋಡಿದರೆ ಬಸ್ಸಿನಲ್ಲಿ ನಾವಿಬ್ಬರೇ ಇದ್ದೆವು.

ಇವಳಿಗೇಕೆ ಈ ಹುಚ್ಚು ಎಂದು ನೀವು ಕೇಳಬಹುದು. ನಮ್ಮ ನೆಂಟರೂ ಕೇಳುತ್ತಿದ್ದರು, ಉತ್ತರವನ್ನೂ ಅವರೇ ಕೊಟ್ಟುಕೊಳ್ಳುತ್ತಿದ್ದರು: "ಬಣ್ಣ ಬಣ್ಣಕ್ಕೆ ಎಳೆಯತ್ತೆ." ಅತ್ತೆ ಕಪ್ಪು. ಎಣ್ಣೆಗೆಂಪು, ಗೋಧಿಬಣ್ಣ ಎಂಬ ಮರ್ಯಾದೆಯ ಮಾತುಗಳಿಗೆ ನಿಲುಕದ ಕಪ್ಪು. ಅವಳ ಮದುವೆಯ ವಯಸ್ಸಿನಲ್ಲಿ ಅಜ್ಜಿ ಸ್ಟುಡಿಯೋದಲ್ಲಿ ಅವಳದೊಂದು ಫೋಟೋ ತೆಗೆಸಿ, ಮುಖವನ್ನು ಚೆನ್ನಾಗಿ ಬೆಳ್ಳಗೆ ತಿದ್ದಿಸಿ, ಗಂಡಿನ ಕಡೆಯವರಿಗೆ ಕಳಿಸುತ್ತಿದ್ದಳಂತೆ. ಫೋಟೋ ನೋಡಿ ಒಪ್ಪಿದವರು ಮನೆಗೆ ಬಂದು ಹುಡುಗಿಯನ್ನು ನೋಡಿ ಕಾಫಿ ಕುಡಿಯದೆ ಎದ್ದುಹೋಗುತ್ತಿದ್ದರಂತೆ. ಕೋಲಾರ, ತುಮಕೂರು, ಹಾಸನ, ಚಿಕ್ಕಮಗಳೂರು... ಮೈಸೂರು ರಾಜ್ಯವನ್ನು ನಮ್ಮ ಮನೆಯವರ್‍ಯಾರೂ ಆ ಫೋಟೋದಷ್ಟು ಸುತ್ತಿಲ್ಲ. ಹೋದಲ್ಲೆಲ್ಲ ಕ್ಷೇಮವಾಗಿದ್ದು ಅಷ್ಟೇ ಕ್ಷೇಮವಾಗಿ ವಾಪಸ್ ಬರುತ್ತಿತ್ತು. ಕೊನೆಗೆ ಅತ್ತೆ, "ಅದಕ್ಕೂ ಸಾಕಾಗಿದೆ, ನನಗೂ ಸಾಕಾಗಿದೆ" ಎಂದು ಟ್ರಂಕಿನ ತಳಕ್ಕೆ ಹಾಕಿ ಟೀಚರ್ ಟ್ರೈನಿಂಗಿಗೆ ಸೇರಿದಳು.

ನಾನು ಅತ್ತೆಯ ಪಡಿಯಚ್ಚು. ಅದೇ ಮೂಗು, ಅದೇ ಹಣೆ, ಅದೇ ಬಣ್ಣ. ನನ್ನನ್ನು ನೋಡಿದ ನೆಂಟರೆಲ್ಲ ಮೊದಲು ಅನ್ನುತ್ತಿದ್ದ ಮಾತು "ಪಾಪ". ಆಮೇಲೆ "ಕಪ್ಪಾದ್ರೂ ಕಸ್ತೂರಿ ಬಿಡಿ" ಎಂಬ ಸಮಾಧಾನ. ಅಮ್ಮ ನನ್ನ ಮುಖಕ್ಕೆ ತಿಕ್ಕಿದ ಕಡಲೆಹಿಟ್ಟಿನಲ್ಲಿ ಒಂದು ಮದುವೆಮನೆಯ ಬೋಂಡಾ ಕರಿಯಬಹುದಿತ್ತು. ರಾಮ ಕಪ್ಪು, ಕೃಷ್ಣ ಕಪ್ಪು, ತಿರುಪತಿ ತಿಮ್ಮಪ್ಪನೂ ಕಪ್ಪು. "ದೇವರಾದ್ರೆ ನಡೆಯತ್ತೆ, ಸೊಸೆಯಾದ್ರೆ ನಡೆಯಲ್ಲ" ಎನ್ನುತ್ತಿದ್ದಳು ಅತ್ತೆ.

ಇಷ್ಟು ಹೇಳಿದ ಮೇಲೆ ಆ ನವರಾತ್ರಿಗೆ ಬರಬೇಕು. ನಾನು ಆಗ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ನಮ್ಮ ಕಡೆ ನವರಾತ್ರಿಗೆ ಗೊಂಬೆ ಕೂರಿಸುವುದು, ಹೆಂಗಸರು ಮನೆಮನೆಗೆ ಹೋಗಿ ಗೊಂಬೆ ನೋಡಿ ಆರತಿ ಎತ್ತಿ ಬರುವುದು ಸಂಪ್ರದಾಯ. ಅದರ ಸೆರಗಿನಲ್ಲೇ ಇನ್ನೊಂದು ಸಂಪ್ರದಾಯವೂ ಇದೆ. ಹೆಣ್ಣು ನೋಡಲು ಬರುತ್ತೇವೆ ಎಂದರೆ ಉಪ್ಪಿಟ್ಟು ಕೇಸರಿಬಾತು, ಆಮೇಲೆ ಏನಾದರೊಂದು ಜವಾಬು ಹೇಳುವ ಸಂಕಟ. ಗೊಂಬೆ ನೋಡಲು ಬಂದರೆ ಅದಿಲ್ಲ. ಹುಡುಗಿ ಹಿಡಿಸದಿದ್ದರೆ "ನಿಮ್ಮನೆ ಗೊಂಬೆ ಚೆನ್ನಾಗಿದೆ" ಎಂದು ಚಕ್ಕುಲಿ ತಿಂದು ಹೋಗಿಬಿಡಬಹುದು. ಹಾಗೆ ಚಾಮರಾಜಪೇಟೆಯ ಒಬ್ಬ ಆಕೆ, ಎಂಜಿನಿಯರ್ ಮಗನ ತಾಯಿ, ನಮ್ಮ ಮನೆಯ ಗೊಂಬೆ ನೋಡಲು ಬರುವವಳಿದ್ದಳು.

ಅಮ್ಮ ಅತ್ತೆಯ ಎದುರು ಕೈಮುಗಿದಳು. "ಅತ್ತಿಗೆ, ಈ ಒಂದು ವರ್ಷ ಗೊಂಬೆ ಮೆಟ್ಟಿಲ ಮೇಲೆ ಆಫ್ರಿಕಾ ಬೇಡ. ನನ್ನ ಮಗಳ ಬಾಳಿನ ಪ್ರಶ್ನೆ."

"ಅದಕ್ಕೇ ಬೇಕು," ಎಂದಳು ಅತ್ತೆ.

ಅಷ್ಟರಲ್ಲಿ ಶಾಲೆಗೆ ಹೊಸ ನಕ್ಷೆ ಬಂದು ಹಳೆಯದು ಅತ್ತೆಯ ಪಾಲಾಗಿತ್ತು. ಅದನ್ನು ದೊಡ್ಡ ರಟ್ಟಿಗೆ ಬಿಗಿದು ಇಡೀ ಖಂಡವನ್ನೇ ಅವಳು ರಾಣಿಯ ಮೈ ಮಾಡಿದ್ದಳು. ಸೀರೆಯ ನಿರಿಗೆಯಲ್ಲಿ ಬಿಡುಗಡೆಯಾದ ದೇಶಗಳು, ಸೆರಗಿನಲ್ಲಿ ಕೋಟೆ, ಹಡಗು, ಬಸ್ಸು, ಹಕ್ಕಿ, ಕೊರಳಲ್ಲಿ ಲಕ್ಷ್ಮಿಯ ಕಾಸಿನ ಸರ. ಆದರೆ ಮುಖವೇ ಇರಲಿಲ್ಲ. ರದ್ದಿ ಅಂಗಡಿಯಿಂದ ತಂದ ವಿದೇಶಿ ಪತ್ರಿಕೆಗಳನ್ನೆಲ್ಲ ಜಾಲಾಡಿದ್ದಳು. "ಎಲ್ಲಾ ಫೋಟೋದಲ್ಲೂ ಅವರನ್ನ ಕುಣಿಸ್ತಾನೇ ಇದ್ದಾರೆ ಕಣೇ. ಇಲ್ಲಾ ಭರ್ಜಿ ಹಿಡ್ಕೊಂಡು ಓಡಿಸ್ತಾರೆ. ಸುಮ್ನೆ ಕೂತು ನೆಟ್ಟಗೆ ನೋಡೋ ಹೆಂಗಸು ಒಬ್ಬಳೂ ಇಲ್ಲ. ರಾಣಿ ಅಂದ್ಮೇಲೆ ನೆಟ್ಟಗೆ ನೋಡ್ಬೇಕು ತಾನೇ?" ಮುಖವಿಲ್ಲದ ಗೊಂಬೆಯನ್ನು ಕೂರಿಸುವುದು ಅಶುಭ ಎಂದು ಅಜ್ಜಿ ತೀರ್ಪು ಕೊಟ್ಟಳು. ಅಮ್ಮನಿಗೆ ಹೋದ ಜೀವ ಬಂತು.

ನನಗೆ ಆ ಎಂಜಿನಿಯರ್ ಬೇಕಾಗಿದ್ದನೋ ಬೇಡವಾಗಿದ್ದನೋ, ಆಣೆ ಮಾಡಿ ಹೇಳಲಾರೆ. ಒಂದು ಮಾತ್ರ ಬೇಕಾಗಿತ್ತು. ಒಬ್ಬರಾದರೂ ನನ್ನ ಮುಖ ನೋಡಿ "ಪಾಪ" ಎನ್ನದೆ ಇರಬೇಕಿತ್ತು.

ಆ ದಿನ ಮಧ್ಯಾಹ್ನದಿಂದಲೇ ಅಮ್ಮ ನನ್ನನ್ನು ಕೋಣೆಯಲ್ಲಿ ಕೂರಿಸಿಕೊಂಡು ಪೌಡರು ಬಳಿದಳು. ಕನ್ನಡಿ ನೋಡಿದರೆ ನನಗೇ ನನ್ನ ಗುರುತು ಸಿಗಲಿಲ್ಲ. ಹಪ್ಪಳದ ಹಿಟ್ಟಿನಲ್ಲಿ ಬಿದ್ದೆದ್ದವಳ ಹಾಗಿದ್ದೆ. ಹೊರಗೆ ಬರುವಷ್ಟರಲ್ಲಿ ಚಾಮರಾಜಪೇಟೆಯ ಆಕೆ ಬಂದಾಗಿತ್ತು. ನಡುಮನೆಗೆ ಕಾಲಿಟ್ಟ ಅಮ್ಮ ಕಂಬದ ಹಾಗೆ ನಿಂತುಬಿಟ್ಟಳು. ಪಟ್ಟದ ಗೊಂಬೆಗಳ ಹಿಂದೆ, ಗೊಂಬೆ ಮೆಟ್ಟಿಲಿನ ನೆತ್ತಿಯ ಮೇಲೆ ರಾಣಿ ಕೂತಿದ್ದಳು. ಅವಳಿಗೆ ಮುಖ ಬಂದಿತ್ತು! ಕಪ್ಪನೆಯ ಎಳೆಯ ಮುಖ, ಎದುರಿಗಿದ್ದವರನ್ನು ನೆಟ್ಟಗೆ ನೋಡುತ್ತಿತ್ತು.

ಅಮ್ಮ ಬಾಯಿ ಬಿಡುವ ಮೊದಲೇ ಬಂದಾಕೆ ಗಲ್ಲ ಗಲ್ಲ ಬಡಿದುಕೊಂಡು, ಬಟ್ಟಲಿನಿಂದ ಕುಂಕುಮ ತೆಗೆದು ರಾಣಿಯ ಹಣೆಗಿಟ್ಟಳು. ಕಣ್ಣು ಮುಚ್ಚಿ, ನಮಗೆಲ್ಲ ಕೇಳುವ ಹಾಗೆ, "ತಾಯೀ, ನನ್ನ ಮಗನಿಗೆ ಬೆಳ್ಳಗಿರೋ ಲಕ್ಷಣವಾದ ಹುಡುಗಿ ಸಿಗೋ ಹಾಗೆ ಮಾಡಮ್ಮ" ಎಂದು ಬೇಡಿಕೊಂಡಳು.

"ಲಕ್ಷಣ ಆದ್ರೆ ಕೊಡಿಸ್ತಾಳೆ. ಬೆಳ್ಳಗಿರೋದು ಇವಳ ಹತ್ರ ಸ್ಟಾಕಿಲ್ಲ," ಎಂದಳು ಅತ್ತೆ.

ಆಕೆ ಕಣ್ಣು ಬಿಟ್ಟಳು. "ಯಾವ ಅಮ್ಮನವರು ಇವರು? ಮುಖದಲ್ಲಿ ಎಂಥಾ ಕಳೆ ಅಂತೀನಿ."

"ಆಫ್ರಿಕಾದ ರಾಣಿ."

ಆಕೆಯ ಕೈ ಕುಂಕುಮದ ಕಡೆಗೆ ಹೋಗಿ ಅರ್ಧದಲ್ಲೇ ನಿಂತಿತು. ಇಟ್ಟ ಕುಂಕುಮವನ್ನು ಮುತ್ತೈದೆ ಒರೆಸುವುದುಂಟೆ? ಕಳೆ ಇದೆ ಎಂದ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಆಕೆ ರಾಣಿಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ರಾಣಿಯನ್ನು ನೋಡಿದಳು. "ಗೊಂಬೆ ಚೆನ್ನಾಗಿದೆ" ಎಂದು ಚಕ್ಕುಲಿ ಹಿಡಿದು ಎದ್ದಳು. ಎರಡು ದಿನ ಬಿಟ್ಟು ಜಾತಕ ಕೂಡಲಿಲ್ಲ ಎಂದು ಹೇಳಿಕಳಿಸಿದರು. ಜಾತಕವನ್ನು ನಾವು ಅವರಿಗೆ ಕೊಟ್ಟೇ ಇರಲಿಲ್ಲ!

ಅದು ಆಮೇಲಿನ ಮಾತು. ಆಕೆ ಗೇಟು ದಾಟಿದ ಕೂಡಲೇ ಅಮ್ಮ ಅತ್ತೆಯ ಕಡೆ ತಿರುಗಿದಳು. ಇಷ್ಟು ವರ್ಷದ್ದೆಲ್ಲ ಒಟ್ಟಿಗೆ ಬರುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಅಜ್ಜಿ, ಪೊರೆ ಬಂದ ಕಣ್ಣಿನ ಅಜ್ಜಿ, ಗೋಡೆ ಹಿಡಿದುಕೊಂಡು ಎದ್ದು ಬಂದಳು. ರಾಣಿಯ ಮುಖದ ಹತ್ತಿರಕ್ಕೆ ಮುಖ ತಂದು, ಕೆನ್ನೆಯ ಮೇಲೆ ಬೆರಳಾಡಿಸಿದಳು. ಬೆರಳ ತುದಿಗೆ ಕಾಡಿಗೆ ಅಂಟಿತು.

"ಇದು ಆ ಫೋಟೋ," ಎಂದಳು ಅಜ್ಜಿ. "ನಾನು ಬೆಳ್ಳಗೆ ಮಾಡಿಸಿದ್ದು."

"ರಾಣಿಗೆ ಎಲ್ಲೂ ಮುಖ ಸಿಗಲಿಲ್ಲಮ್ಮ," ಎಂದಳು ಅತ್ತೆ. "ಅವರಿಂದ ಇಷ್ಟು ಧೈರ್ಯ ತಗೊಂಡಿದೀನಿ, ಒಂದು ಮುಖ ಕೊಡೋಣ ಅನ್ನಿಸ್ತು. ನನ್ನ ಬಣ್ಣ ನಾನು ವಾಪಸ್ ಹಚ್ಕೊಂಡೆ, ಅಷ್ಟೇ."

ಅಜ್ಜಿ ಅಮ್ಮನ ಕಡೆ ತಿರುಗಿದಳು. "ಆರತಿ ತಗೊಂಡು ಬಾರೇ. ನನ್ನ ಮಗಳಿಗೆ ಒಂದು ದಿನಾನೂ ಆರತಿ ಎತ್ತಿಸ್ಲಿಲ್ಲ ನಾನು" ಎಂದಳು. ಅತ್ತೆಯ ಕೈ ಹಿಡಿದು ರಾಣಿಯ ಪಕ್ಕ ನಿಲ್ಲಿಸಿದಳು. ಬಸ್ ಕಂಡಕ್ಟರಿಗೂ ಚರಿತ್ರೆ ಪಾಠ ಮಾಡುವ ನಮ್ಮತ್ತೆ ಆಗ ಕೈ ಚಾಚಿ ನನ್ನನ್ನು ಎಳೆದುಕೊಂಡು ತನ್ನ ಮಗ್ಗುಲಿಗೆ ನಿಲ್ಲಿಸಿಕೊಂಡಳು. ಒಂದೇ ಮೂಗಿನ, ಒಂದೇ ಹಣೆಯ ಮೂರು ಜನ ಸಾಲಾಗಿ ನಿಂತೆವು.

ಅಮ್ಮ ತಟ್ಟೆ ಎತ್ತಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ತಟ್ಟೆಯನ್ನು ಕೆಳಗಿಟ್ಟಳು. ಚೊಂಬಿನ ನೀರಿಗೆ ಸೆರಗಿನ ತುದಿ ಅದ್ದಿ, ಮಧ್ಯಾಹ್ನದಿಂದ ಕೂತು ಬಳಿದಿದ್ದ ಪೌಡರನ್ನೆಲ್ಲ ಒರೆಸಿದಳು. ಆಮೇಲೆ ಆರತಿ ಎತ್ತಿದಳು.